ಕಂಚಿಯ ಗುಡಿಗಳನ್ನು ಎರಡು ದಿನದಲ್ಲಿ ನೋಡುವ ಕ್ರಮ

ಕಂಚಿಗೆ ಹೋಗುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ಕಾಮಾಕ್ಷಿ, ಏಕಾಂಬರೇಶ್ವರ, ಮಧ್ಯಾಹ್ನ ಸೀರೆಯ ಅಂಗಡಿ, ಸಂಜೆ ವರದರಾಜ ಎಂದು ಒಂದೇ ದಿನದಲ್ಲಿ ಮುಗಿಸಿಬಿಡುತ್ತಾರೆ. ಈ ಅವಸರದಲ್ಲಿ ಬಿಟ್ಟುಹೋಗುವುದು ಕೈಲಾಸನಾಥನ ಗುಡಿ. ಬೆಂಗಳೂರಿನಿಂದ ಸುಮಾರು 275 ಕಿಲೋಮೀಟರ್ ಪ್ರಯಾಣ ಮಾಡಿ ಹೋಗುವ ಕನ್ನಡಿಗರು ಇದನ್ನು ತಪ್ಪಿಸಿಕೊಳ್ಳಲೇಬಾರದು. ಆದ್ದರಿಂದ ಒಂದು ರಾತ್ರಿ ಅಲ್ಲಿಯೇ ತಂಗುವಂತೆ ಹೊರಡಿ.

ಮೊದಲು ತಿಳಿದಿರಬೇಕಾದದ್ದು ಬಾಗಿಲು ಹಾಕುವ ಹೊತ್ತು. ಬಹುತೇಕ ಗುಡಿಗಳು ಮಧ್ಯಾಹ್ನ ಹನ್ನೆರಡರ ಆಸುಪಾಸಿನಲ್ಲಿ ಮುಚ್ಚಿ, ನಾಲ್ಕು ಗಂಟೆಯ ಹೊತ್ತಿಗೆ ಮತ್ತೆ ತೆರೆಯುತ್ತವೆ. ಊಟ, ವಿಶ್ರಾಂತಿ, ರೇಷ್ಮೆ ಖರೀದಿ ಎಲ್ಲವನ್ನೂ ಈ ನಡುವಿನ ಹೊತ್ತಿಗೆ ಇಟ್ಟುಕೊಳ್ಳಿ. ಪಂಚೆ, ಸೀರೆ ಅಥವಾ ಮೈತುಂಬ ಮುಚ್ಚುವ ಉಡುಪು ಇರಲಿ. ಗರ್ಭಗುಡಿಯ ಬಳಿ ಛಾಯಾಚಿತ್ರ ತೆಗೆಯಬೇಡಿ.

ಮೊದಲ ಬೆಳಿಗ್ಗೆ, ಬಾಗಿಲು ತೆರೆದ ಕೂಡಲೇ, ಕೈಲಾಸನಾಥಕ್ಕೆ ಹೋಗಿ. ಪೂರ್ವಾಭಿಮುಖವಾದ ಈ ಗುಡಿಯ ಮರಳುಗಲ್ಲಿನ ಶಿಲ್ಪಗಳು ಎಳೆಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತವೆ. ಬಿಸಿಲೇರಿದ ಮೇಲೆ ಬರಿಗಾಲಿನಲ್ಲಿ ಅಂಗಳ ಸುತ್ತುವುದೂ ಕಷ್ಟ. ಎಂಟನೆಯ ಶತಮಾನದ ಆರಂಭದಲ್ಲಿ ಪಲ್ಲವ ದೊರೆ ರಾಜಸಿಂಹ ಇದನ್ನು ಕಟ್ಟಿಸಿದ. ಪ್ರಾಕಾರದ ಒಳಮೈಗೆ 58 ಪುಟ್ಟ ಗುಡಿಗಳಿವೆ. ಅವುಗಳಲ್ಲಿ ಕೆಲವದರ ಗೋಡೆಗಳ ಮೇಲೆ ಹಳೆಯ ವರ್ಣಚಿತ್ರಗಳ ಕುರುಹುಗಳು ಉಳಿದಿವೆಯಾದ್ದರಿಂದ ಒಂದೊಂದರಲ್ಲೂ ಇಣುಕಿ ನೋಡುತ್ತ ಸಾಗಿ. ಗರ್ಭಗುಡಿಯ ಸುತ್ತಲಿನ ಕಿರಿದಾದ ಪ್ರದಕ್ಷಿಣಾಪಥವನ್ನು ತೆವಳಿಕೊಂಡೇ ಹೊಕ್ಕು ತೆವಳಿಕೊಂಡೇ ಹೊರಬರಬೇಕು. ಅದು ಪುನರ್ಜನ್ಮದಿಂದ ಬಿಡುಗಡೆಯ ಸಂಕೇತವೆಂಬುದು ಭಕ್ತರ ನಂಬಿಕೆ. ಮಂಡಿನೋವಿರುವವರು ಹೊರಗಿನಿಂದಲೇ ಕೈಮುಗಿಯುವುದು ಲೇಸು.

ಹೊರಡುವ ಮುನ್ನ ಮುಂದಿನ ಮಂಟಪದ ಕಂಬಗಳ ಬಳಿ ನಿಲ್ಲಿ. ಅಲ್ಲೊಂದು ಕಂಬದ ಮೇಲೆ ಕನ್ನಡ ಶಾಸನವಿದೆ. ಬಾದಾಮಿಯ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದರೂ ಈ ದೇವಾಲಯದ ಸಂಪತ್ತನ್ನು ಕೊಂಡೊಯ್ಯದೆ ದೇವರಿಗೇ ಮರಳಿ ಒಪ್ಪಿಸಿದನೆಂದು ಅದು ತಿಳಿಸುತ್ತದೆ. ಸೋತ ಊರಿನ ದೇಗುಲದಲ್ಲಿ ಗೆದ್ದವನು ಬಿಟ್ಟುಹೋದ ಈ ಅಕ್ಷರಗಳ ಮುಂದೆ ನಿಂತಾಗ ಆಗುವ ಹೆಮ್ಮೆ ಯುದ್ಧದ ಗೆಲುವಿನದಲ್ಲ. ಅವನ ರಾಣಿ ಲೋಕಮಹಾದೇವಿ ಈ ವಿಜಯದ ನೆನಪಿಗೆ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಅದನ್ನು ಮೊದಲೇ ನೋಡಿದ್ದರೆ ಎರಡರ ಹೋಲಿಕೆಯನ್ನು ನೀವೇ ಗುರುತಿಸಬಲ್ಲಿರಿ.

ಅದೇ ದಿನ ಸಂಜೆ ಏಕಾಂಬರೇಶ್ವರ ಮತ್ತು ಕಾಮಾಕ್ಷಿಯ ದರ್ಶನ ಮಾಡಿ. ಏಕಾಂಬರೇಶ್ವರನದು ಪಂಚಭೂತ ಸ್ಥಳಗಳಲ್ಲಿ, ಅಂದರೆ ಐದು ಭೂತಗಳ ರೂಪದಲ್ಲಿ ಶಿವನನ್ನು ಪೂಜಿಸುವ ಐದು ಕ್ಷೇತ್ರಗಳಲ್ಲಿ, ಪೃಥ್ವಿಲಿಂಗ. ಪಾರ್ವತಿಯು ಮಾವಿನ ಮರದ ಕೆಳಗೆ ಮರಳಿನಿಂದ ಮಾಡಿ ಪೂಜಿಸಿದ ಲಿಂಗವೆಂಬುದು ಸ್ಥಳಪುರಾಣವಾದ್ದರಿಂದ ಇದಕ್ಕೆ ನೀರಿನ ಅಭಿಷೇಕವಿಲ್ಲ. ಸುಮಾರು 190 ಅಡಿ ಎತ್ತರದ ರಾಜಗೋಪುರವನ್ನು 1509ರಲ್ಲಿ ಕಟ್ಟಿಸಿದವನು ಕೃಷ್ಣದೇವರಾಯ. ಇಲ್ಲಿ ಅಮ್ಮನವರ ಪ್ರತ್ಯೇಕ ಗರ್ಭಗುಡಿಯನ್ನು ಹುಡುಕಬೇಡಿ. ಕಂಚಿಯ ಶಿವಾಲಯಗಳಿಗೆಲ್ಲ ಪದ್ಮಾಸನದಲ್ಲಿ ಕುಳಿತ ಕಾಮಾಕ್ಷಿಯೇ ಶಕ್ತಿ ಎಂಬುದು ಅಲ್ಲಿನ ಸಂಪ್ರದಾಯ. ಶುಕ್ರವಾರ ಕಾಮಾಕ್ಷಿಯ ಗುಡಿಯಲ್ಲಿ ಜನಸಂದಣಿ ಹೆಚ್ಚು.

ಎರಡನೆಯ ಬೆಳಿಗ್ಗೆ ವೈಕುಂಠ ಪೆರುಮಾಳ್ ಗುಡಿಗೆ ಒಂದು ಗಂಟೆ ಕೊಡಿ. ಮೂರು ಅಂತಸ್ತುಗಳಲ್ಲಿ ವಿಷ್ಣು ಕುಳಿತ, ಮಲಗಿದ, ನಿಂತ ಭಂಗಿಗಳಲ್ಲಿದ್ದಾನೆ. ಸುತ್ತಾಲೆಯ ಗೋಡೆಗಳಲ್ಲಿ ಪಲ್ಲವರ ವಂಶಚರಿತ್ರೆಯೇ ಶಿಲ್ಪಗಳಾಗಿ ಸಾಲುಗೊಂಡಿದೆ.

ಅಲ್ಲಿಂದ ವಿಷ್ಣುಕಂಚಿಯ ವರದರಾಜನ ಸನ್ನಿಧಿ. ಹಸ್ತಿಗಿರಿಯ 24 ಮೆಟ್ಟಿಲುಗಳನ್ನು ಹತ್ತಿ ದರ್ಶನ ಮಾಡಿ, ಬಂಗಾರದ ಮತ್ತು ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿದ ಮೇಲೆ, ನೂರು ಕಾಲಿನ ಮಂಟಪದಲ್ಲಿ ಕಲ್ಲಿನ ಸರಪಳಿಗಳನ್ನು ನೋಡಿ. ಪಕ್ಕದ ಪುಷ್ಕರಿಣಿಯ ನೀರಿನೊಳಗೆ ಅತ್ತಿಮರದ ವರದರಾಜ ಇರುತ್ತಾನೆ. 40 ವರ್ಷಕ್ಕೊಮ್ಮೆ ಹೊರಬರುವ ಈ ಮೂರ್ತಿ ಕಳೆದ ಬಾರಿ ದರ್ಶನ ಕೊಟ್ಟದ್ದು 2019ರಲ್ಲಿ. ಹಿಂತಿರುಗುವ ಮುನ್ನ ಮೆಣಸು, ಜೀರಿಗೆ, ಶುಂಠಿ ಹಾಕಿ ಬೇಯಿಸಿದ ಇಲ್ಲಿನ ಪ್ರಸಾದದ ಇಡ್ಲಿಯನ್ನು ಕೇಳಿ ಪಡೆಯಿರಿ.