ಗೇಟು ದಾಟಿದ ದಿನಗಳ ಲೆಕ್ಕ: ನಾನು ಎಸ್ಆರ್ ಮುಗಿಸಿದ್ದು ಹೀಗೆ

2024ರ ಫೆಬ್ರವರಿ, ಭಾನುವಾರ ರಾತ್ರಿ ಎಂಟೂಮುಕ್ಕಾಲರ ಸುಮಾರಿಗೆ ಬೆಂಗಳೂರಿನ ಕೊನೆಯ ಕಂಟ್ರೋಲ್‌ನಲ್ಲಿ ಬ್ರೆವೆ ಕಾರ್ಡ್ ಕೊಟ್ಟೆ. ಬ್ರೆವೆ ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಕಂಟ್ರೋಲ್ ಅಂದರೆ ದಾರಿಯಲ್ಲಿ ಆ ಕಾರ್ಡ್ ತೋರಿಸಬೇಕಾದ ಜಾಗ. 600 ಕಿಲೋಮೀಟರ್, 38 ಗಂಟೆ ಮುಕ್ಕಾಲು. ಅದೇ ಸೀಸನ್‌ನ 200, 300, 400 ಆಗಲೇ ಕೈಯಲ್ಲಿದ್ದವು. ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ ಮುಗಿಸಿದವರಿಗೆ ಸಿಗುವ ಎಸ್ಆರ್, ಅಂದರೆ ಸೂಪರ್ ರಾಂಡನರ್ ಪಟ್ಟ, ಅಲ್ಲಿಗೆ ಆಯಿತು. ಆಗ ನನಗೆ 47 ವರ್ಷ. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ, ವಾರಕ್ಕೆ ಆರು ದಿನ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟೂವರೆವರೆಗೆ ಗಲ್ಲಾ ಮೇಲೆ ಕೂರುವವನು. ನನಗಿಂತ ಜೋರಾಗಿ ತುಳಿಯುವ ಇಬ್ಬರು ನಮ್ಮ ಗುಂಪಿನಲ್ಲೇ ಇದ್ದಾರೆ. ಅವರು ಇನ್ನೂ 400ರ ಹತ್ತಿರ ನಿಂತಿದ್ದಾರೆ. ಕಾಲಿನ ಬಲದಲ್ಲಿ ಅವರು ಮುಂದೆ. ಎರಡೂಕಾಲು ವರ್ಷ ಆಸೆ ಆರದಂತೆ ನೋಡಿಕೊಳ್ಳುವುದರಲ್ಲಿ ನಾನು ಮುಂದೆ. ಬೆಳಿಗ್ಗೆ ಸೈಕಲ್ ಹಿಡಿದು ಮನೆಯ ಗೇಟು ದಾಟಿದ ದಿನಗಳನ್ನು ಬರೆದಿಡುವ ನನ್ನ ಲೆಕ್ಕದ ಪುಸ್ತಕ ನೋಡಿ "ಇದರಿಂದ ಎಸ್ಆರ್ ಆಗುತ್ತಾ ಸರ್?" ಅಂತ ಕೇಳಿದವರು ಬಹಳ ಜನ. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಗೇರ್, ಸೀಟು, ಲೈಟು, ವಾರಕ್ಕೆ ಎಷ್ಟು ಕಿಲೋಮೀಟರ್, ಇದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲು ಸೋತದ್ದನ್ನು ಹೇಳಬೇಕು. 2021ರ ನವೆಂಬರ್‌ನಲ್ಲಿ ಮೊದಲ 200 ಆರಾಮಾಗಿ ಆಯಿತು. ಹನ್ನೊಂದೂವರೆ ಗಂಟೆ ಚಿಲ್ಲರೆ. ಮೆಡಲ್ ಹಿಡಿದ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ "ಈ ವರ್ಷವೇ ಎಸ್ಆರ್" ಅಂತ ಬರೆದೆ. ನೂರಾರು ಜನ ಶುಭಾಶಯ ಹೇಳಿದರು. ಅಂಗಡಿಗೆ ಬಂದ ಪೇಂಟರ್‌ಗಳೂ "ಸೂಪರ್ ಅಣ್ಣ" ಅಂದರು. ಅರ್ಧ ಸಂತೋಷ ಅಲ್ಲೇ ಖರ್ಚಾಯಿತು. ಮಾಡದ ಕೆಲಸಕ್ಕೆ ಹೊಗಳಿಕೆ ಮೊದಲೇ ಸಿಕ್ಕಿಬಿಟ್ಟಿತು. ಬೆಳಿಗ್ಗೆ ಏಳುವ ಅವಸರ ಕಮ್ಮಿಯಾಯಿತು.

ಜನವರಿಯಲ್ಲಿ 300. ಹುಬ್ಬಳ್ಳಿಯಿಂದ ಹೊರಟು ದಾವಣಗೆರೆಗೆ ಬಂದು ವಾಪಸ್. ತಿರುಗುವ ಕಂಟ್ರೋಲ್ ನಮ್ಮ ಮನೆಯಿಂದ ನಾಲ್ಕು ಕಿಲೋಮೀಟರ್. ಮಧ್ಯಾಹ್ನ ಎರಡು ಗಂಟೆ, ಬಿಸಿಲು, ಸಮಯ ಬೇಕಾದಷ್ಟಿತ್ತು. "ಹತ್ತೇ ನಿಮಿಷ, ಮುಖ ತೊಳೆದು ಬರೋಣ" ಅಂತ ಮನೆಗೆ ಹೋದೆ. ಹೆಂಡತಿ ತಟ್ಟೆ ಹಾಕಿದಳು. ಅನ್ನ, ಹುರುಳಿಕಾಳು ಸಾರು. ಮೇಲೆ ಫ್ಯಾನು. ಗೋಡೆಗೆ ಒರಗಿದ್ದಷ್ಟೇ ನೆನಪು. ಎಚ್ಚರವಾದಾಗ ಐದೂವರೆ. ಇನ್ನೂ 150 ಕಿಲೋಮೀಟರ್ ಇತ್ತು, ಎಂಟೂವರೆ ಗಂಟೆ ಸಮಯವೂ ಇತ್ತು. ಮುಗಿಸಬಹುದಿತ್ತು. ಶೂ ಹಾಕಿಕೊಳ್ಳಲಿಲ್ಲ. ಅವತ್ತು ಕಾಲು ಸೋತಿರಲಿಲ್ಲ. ಸೋತದ್ದು ಬೇರೆ ಏನೋ. ಅದು ನನಗೆ ಬಹಳ ದಿನ ಚುಚ್ಚಿತು.

ಆಮೇಲೆ ದುಡ್ಡು ಸುರಿದೆ. ಹೊಸ ಸಾಮಾನು ಬಂದರೆ ಹುರುಪೂ ಬರುತ್ತದೆ ಅಂದುಕೊಂಡಿದ್ದೆ. ಮನೆಯೊಳಗೆ ತುಳಿಯಲು ಒಂದು ಟ್ರೈನರ್ ತಂದೆ, 14,000 ಹತ್ತಿರ. ತಂದ ಮೇಲೆ ಕೂತದ್ದು ಹತ್ತೊಂಬತ್ತು ಸಲ. ಒಂದು ಸಲಕ್ಕೆ 700 ರೂಪಾಯಿ ದಾಟಿತು ಲೆಕ್ಕ. ಆರು ತಿಂಗಳಿಗೆ 4,500 ಕೊಟ್ಟು ಆನ್‌ಲೈನ್ ಕೋಚಿಂಗ್ ಸೇರಿದೆ. ಪ್ಲಾನ್ ಚೆನ್ನಾಗಿಯೇ ಇತ್ತು, ಮೂರನೇ ವಾರಕ್ಕೆ ತೆರೆಯುವುದನ್ನೇ ಬಿಟ್ಟೆ. ಜರ್ಸಿ, ಬಿಬ್ ಶಾರ್ಟ್ಸ್, ಹಗುರವಾದ ಟೈರು, ಎಲ್ಲ ಸೇರಿ ಇನ್ನೊಂದು ಹತ್ತು ಸಾವಿರ. ಸೈಕಲ್ಲೇ ಸೆಕೆಂಡ್ ಹ್ಯಾಂಡ್, 32,000ದ್ದು. ಅಷ್ಟೇ ದುಡ್ಡು ಹತ್ತಿರ ಹತ್ತಿರ ಬರೀ ಹುರುಪಿಗಾಗಿ ಕೊಟ್ಟಿದ್ದೇನೆ. ಹೊಸ ಸಾಮಾನಿನ ಹುರುಪು ನನ್ನಲ್ಲಿ ಹನ್ನೆರಡು ದಿನ ಇರುತ್ತದೆ. ಮೂರು ಸಲ ನೋಡಿದ್ದೇನೆ.

ಜೊತೆಗಾರನನ್ನೂ ಹುಡುಕಿಕೊಂಡೆ. ನಾಲ್ಕು ತಿಂಗಳು ಇಬ್ಬರೂ ಬೆಳಿಗ್ಗೆ ಐದಕ್ಕೆ ಸೇರುತ್ತಿದ್ದೆವು. ಅವರಿಗೆ ವರ್ಗವಾಯಿತು. ಅವರು ಅಲ್ಲಿ ನಿಲ್ಲಿಸಿದರು, ನಾನು ಇಲ್ಲಿ ನಿಲ್ಲಿಸಿದೆ.

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದು, 89 ವರ್ಷದ ಮೇಲೆ ಮತ್ತೆ. ಅಪ್ಪನನ್ನು ಕರೆದುಕೊಂಡು ಕಾರಿನಲ್ಲಿ ಹೋಗಿದ್ದೆ. ಜನಜಾತ್ರೆ. ಕೋಡಿಯ ನೀರು ನೋಡುತ್ತಾ ನಿಂತಿದ್ದಾಗ ಅಪ್ಪ ಕೇಳಿದರು, "ನಿನ್ನ ಸೈಕಲ್ ಏನಾಯ್ತೋ?" "ಹುರುಪೇ ಬರ್ತಿಲ್ಲಪ್ಪ" ಅಂದೆ. ಅವರು ನೀರಿನಿಂದ ಕಣ್ಣು ತೆಗೆಯದೆ ಹೇಳಿದರು. "ಶೆಟರ್ ಎತ್ತೋದು ನಮ್ಮ ಕೆಲಸ. ಗಿರಾಕಿ ಬರೋದು ಬಿಡೋದು ಅವರ ಕೆಲಸ. ನಲವತ್ತು ವರ್ಷ ನಾನು ಹುರುಪು ಬಂದ ದಿನ ಮಾತ್ರ ಶೆಟರ್ ಎತ್ತಿದ್ರೆ ನೀವೆಲ್ಲ ಊಟ ಮಾಡ್ತಿದ್ರಾ?"

ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ನನ್ನ ಶೆಟರ್ ಯಾವುದು? ಮನೆಯ ಗೇಟು.

ಅಕ್ಟೋಬರ್ 1ರಿಂದ ಶುರು ಮಾಡಿದೆ. ಬೆಳಿಗ್ಗೆ ಐದೂಕಾಲರೊಳಗೆ ಹೆಲ್ಮೆಟ್ ಹಾಕಿಕೊಂಡು, ಲೈಟು ಹಚ್ಚಿಕೊಂಡು, ಸೈಕಲ್ ಸಮೇತ ಗೇಟು ದಾಟಬೇಕು. ಅಷ್ಟೇ ಕೆಲಸ. ದಾಟಿದ ಮೇಲೆ ಮನಸ್ಸಿಲ್ಲದಿದ್ದರೆ ತಿರುಗಿ ಒಳಗೆ ಬರಬಹುದು. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಕೇಳಿ ಗುಂಪಿನಲ್ಲಿ ಎಲ್ಲರೂ ತಲೆ ಆಡಿಸಿದರು. "ಗೇಟಿಂದ ವಾಪಸ್ ಬಂದ್ರೂ ಲೆಕ್ಕನಾ? ಹಾಗಾದ್ರೆ ನಮ್ಮನೆ ನಾಯಿನೂ ಎಸ್ಆರ್" ಅಂದರು ಒಬ್ಬರು. ನಾನು ವಾದ ಮಾಡಲಿಲ್ಲ.

ಅಂಗಡಿಯಲ್ಲಿ ಉದ್ರಿ ಬರೆಯುವ ಉದ್ದನೆ ಪುಸ್ತಕ ಇರುತ್ತದಲ್ಲ, ಅಂಥದ್ದೊಂದು ಇಟ್ಟೆ. ದಿನಕ್ಕೆ ಒಂದು ಸಾಲು. ತಾರೀಕು, ಗೇಟು ದಾಟಿದ ಹೊತ್ತು, ಒಂದು ಗೀಟು. ಕಿಲೋಮೀಟರ್ ಬರೆಯುವುದಿಲ್ಲ. ವೇಗ ಬರೆಯುವುದಿಲ್ಲ. ಫೋನಿನ ಸ್ಟ್ರಾವಾ ಆ್ಯಪ್‌ನಲ್ಲಿ ಅದೆಲ್ಲ ತಾನಾಗಿ ಸೇರುತ್ತದೆ, ನಾನು ತಿಂಗಳಿಗೊಮ್ಮೆ ಮಾತ್ರ ನೋಡುತ್ತೇನೆ. ದಿನಾ ನೋಡಿದರೆ ನಿನ್ನೆಯ 26ರ ಸರಾಸರಿ ಇವತ್ತಿನ 22ನ್ನು ಕೊಲ್ಲುತ್ತದೆ. ಒಂದು ಲೀಟರಿನ ಖಾಲಿ ಪೇಂಟ್ ಡಬ್ಬಿ ತೊಳೆದು ಇಟ್ಟೆ. ಗೇಟು ದಾಟಿದ ದಿನ 20 ರೂಪಾಯಿ ಅದಕ್ಕೆ. ಬ್ರೆವೆ ಫೀಸು, ಬಸ್ ಚಾರ್ಜು, ಟ್ಯೂಬು ಎಲ್ಲ ಆ ಡಬ್ಬಿಯಿಂದಲೇ ಬರಬೇಕು. ಗಲ್ಲಾಪೆಟ್ಟಿಗೆ ಮುಟ್ಟುವಂತಿಲ್ಲ. ಡಬ್ಬಿಯಲ್ಲಿ ದುಡ್ಡಿಲ್ಲ ಅಂದರೆ ಬ್ರೆವೆ ಇಲ್ಲ. ಬೆಳಿಗ್ಗೆ ಎದ್ದು ದುಡಿದ ದುಡ್ಡಲ್ಲಿ ಕಟ್ಟಿದ ಫೀಸಿಗೆ ಬೇರೆಯೇ ತೂಕ ಇದೆ, ಕಟ್ಟಿ ನೋಡಿ.

ಮೊದಲ ವರ್ಷ ಸುಮಾರು 270 ದಿನ ದಾಟಿದೆ. ಅದರಲ್ಲಿ ಗೇಟಿಂದಲೇ ವಾಪಸ್ ಬಂದದ್ದು ಮೂವತ್ತರ ಒಳಗೆ. ಜ್ವರ ಬಂದಾಗ, ಮಳೆ ಜೋರಿದ್ದಾಗ, ಸುಮ್ನೆ ಬೇಜಾರಿದ್ದಾಗ. ಮಿಕ್ಕ ದಿನ ಗಾಳಿ ಮುಖಕ್ಕೆ ಬಡಿದ ಮೇಲೆ ಕಾಲು ತಾನೇ ತುಳಿಯಿತು. ವಾಪಸ್ ಬರುವ ಹಕ್ಕು ನಿಜವಾಗಿ ಇರಬೇಕು. ವಾಪಸ್ ಬಂದು ಮನಸ್ಸಿನಲ್ಲೇ ಬೈದುಕೊಂಡರೆ ಮಾರನೇ ದಿನ ಏಳುವುದಿಲ್ಲ.

ನಡುವೆ ಒಂದು ತಪ್ಪು ಮಾಡಿದೆ. ಒಂದು ದಿನವೂ ತಪ್ಪದೆ ಸರಪಳಿ ಕಟ್ಟಲು ಹೋದೆ. 63 ದಿನ ಆಯಿತು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ತುಂಡಾಯಿತು. ಅದರ ಮೇಲೆ ಹದಿನಾರು ದಿನ ಗೇಟಿನ ಹತ್ತಿರವೂ ಹೋಗಲಿಲ್ಲ. ಹೋಯಿತಲ್ಲ ಅನ್ನುವ ಬೇಸರ. ಆಮೇಲೆ ನಿಯಮ ಬದಲಿಸಿದೆ. ಒಂದು ದಿನ ತಪ್ಪಬಹುದು, ಸತತ ಎರಡು ದಿನ ತಪ್ಪಬಾರದು. ತಪ್ಪಿದರೆ ಡಬ್ಬಿಯಿಂದ ನೂರು ರೂಪಾಯಿ ಹೆಂಡತಿಗೆ. ಅವಳು ಲೆಕ್ಕದಲ್ಲಿ ನನಗಿಂತ ಕಟ್ಟುನಿಟ್ಟು. ಒಂದೂವರೆ ವರ್ಷದಲ್ಲಿ 900 ಕೊಟ್ಟಿದ್ದೇನೆ ಅಂತ ನನ್ನ ನೆನಪು, 1,100 ಅಂತ ಅವಳ ನೆನಪು.

ಇನ್ನೊಂದು, ಹಸಿವು ಇಟ್ಟುಕೊಂಡೇ ಏಳುವುದು. ಭಾನುವಾರ 100 ತುಳಿಯುವ ಶಕ್ತಿ ಇದ್ದರೆ 80ಕ್ಕೆ ಮನೆಗೆ ತಿರುಗುತ್ತೇನೆ. ಸೂಳೆಕೆರೆ ಏರಿಯ ಮೇಲೆ ನಿಂತು ಟೀ ಕುಡಿದು, ಚನ್ನಗಿರಿಗೆ ಹೋಗೋಣ ಅನಿಸಿದಾಗಲೇ ಸೈಕಲ್ ತಿರುಗಿಸಿದ್ದೇನೆ. ಆ ಉಳಿದ ಆಸೆ ಸೋಮವಾರ ಬೆಳಿಗ್ಗೆ ಎಬ್ಬಿಸುತ್ತದೆ. ಪೂರ್ತಿ ಹಿಂಡಿಕೊಂಡು ಬಂದ ವಾರಗಳಲ್ಲಿ ಸೋಮ, ಮಂಗಳ ಎರಡೂ ಖಾಲಿ. ಪುಸ್ತಕದಲ್ಲಿ ಕಣ್ಣಿಗೆ ಕಾಣುವ ಹಾಗಿದೆ.

2022ರ ಡಿಸೆಂಬರ್‌ನಲ್ಲಿ ಅದೇ ಹುಬ್ಬಳ್ಳಿ 300. ಈ ಸಲ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೆ ಬಿಟ್ಟು. ಅವಳು ಕಂಟ್ರೋಲ್‌ಗೇ ಊಟದ ಡಬ್ಬಿ ತಂದಳು. ಅದೇ ಹುರುಳಿಕಾಳು ಸಾರು, ಅನ್ನ ಕಲಸಿಕೊಂಡೇ ತಂದಿದ್ದಳು. ನಿಂತುಕೊಂಡೇ ಉಂಡೆ. ನಾನು ಗೋಡೆ ಕಡೆ ನೋಡಿದ್ದಕ್ಕೆ "ರೀ, ಕೂರಬೇಡಿ" ಅಂದಳು. ಹದಿನೆಂಟೂವರೆ ಗಂಟೆಗೆ ಮುಗಿಯಿತು. ಆ ಕಾರ್ಡ್ ನನಗೆ ಎಲ್ಲ ಮೆಡಲ್‌ಗಿಂತ ಹೆಚ್ಚು.

ಆ ಸೀಸನ್‌ನ 400 ಮಾತ್ರ ಕೈತಪ್ಪಿತು. ಬೆಂಗಳೂರಿಂದ ಚಿತ್ರದುರ್ಗ, ವಾಪಸ್. ರಾತ್ರಿ ಒಂದರ ಮೇಲೆ, ಶಿರಾ ದಾಟಿದ ಮೇಲೆ ಹಿಂದಿನ ಟೈರಿನ ಸೈಡ್‌ವಾಲ್ ಸೀಳಿತು. ಹತ್ತು ರೂಪಾಯಿ ನೋಟು ಮಡಚಿ ಒಳಗಿಟ್ಟೆ. ಹತ್ತು ಕಿಲೋಮೀಟರ್ ಬಂತು. ಎರಡನೇ ಟ್ಯೂಬ್ ಹಾಕಿ, ಚಿಕ್ಕಿ ಕವರನ್ನೂ ಮಡಚಿ ಸೇರಿಸಿದೆ. ಗಾಳಿ ಕಮ್ಮಿ ಇಟ್ಟು ಕುಂಟುತ್ತಾ ಬಂದೆ. 27 ಗಂಟೆಯ ಬ್ರೆವೆ, 27 ಗಂಟೆ 35 ನಿಮಿಷಕ್ಕೆ ಮುಟ್ಟಿದೆ. ಲೆಕ್ಕಕ್ಕಿಲ್ಲ. ಹಗುರ ಅಂತ 2,200 ಕೊಟ್ಟು ತಂದಿದ್ದ ಟೈರು ಅದು. ಈಗ ದಪ್ಪ ಟೈರೇ. ವಿಶೇಷ ಏನಂದರೆ ಮಂಗಳವಾರ ಬೆಳಿಗ್ಗೆ ಐದೂಹತ್ತಕ್ಕೆ ಗೇಟು ದಾಟಿದ್ದೆ. 2022ರ ಜನವರಿಯಲ್ಲಿ ಸೋತಾಗ ಮತ್ತೆ ಹಳಿಗೆ ಬರಲು ಎಂಟು ತಿಂಗಳು ತೆಗೆದುಕೊಂಡವನು, ಈ ಸಲ ಬಿಟ್ಟದ್ದು ಒಂದೇ ದಿನ. ಎಸ್ಆರ್ ಆಗೇ ಆಗುತ್ತದೆ ಅಂತ ನನಗೆ ಗೊತ್ತಾದದ್ದು ಆ ಮಂಗಳವಾರ.

ತಿನ್ನುವುದರ ಪ್ರಯೋಗಗಳೂ ನಡೆದವು. ನಮ್ಮೂರ ಮಂಡಕ್ಕಿ ಕಟ್ಟಿಕೊಂಡು ಹೋದೆ. ಬಾಯಿ ಒಣಗುತ್ತದೆ, ನೀರು ಜಾಸ್ತಿ ಬೇಕು, ಹೊಟ್ಟೆ ತುಂಬಿದರೂ ಶಕ್ತಿ ಇಲ್ಲ. ಬೆಣ್ಣೆದೋಸೆ ತಿಂದು ತುಳಿದರೆ ನಿದ್ದೆ. ಎನರ್ಜಿ ಜೆಲ್ ಒಂದಕ್ಕೆ ನೂರು ಚಿಲ್ಲರೆ, ಮೂರನೆಯದಕ್ಕೆ ವಾಕರಿಕೆ. ಕೊನೆಗೆ ನಿಂತದ್ದು ಶೇಂಗಾ ಉಂಡೆ, ಬಾಳೆಹಣ್ಣು, ಉಪ್ಪು-ನಿಂಬೆಹಣ್ಣಿನ ನೀರು. ರಾತ್ರಿ ಹತ್ತರ ಮೇಲೆ ಬಾಟಲಿಗೆ ಇನ್ನೊಂದು ಹಾಕುತ್ತೇನೆ. ಅದನ್ನು ಕಂಡುಹಿಡಿಯಲು ನನಗೆ ಎರಡು ವರ್ಷ ಆಗಿದೆ, ಇಲ್ಲಿ ಬರೆಯುವುದಿಲ್ಲ.

ಮೊದಲು ಹೇಳಿದ 2024ರ 600ರ ಬಗ್ಗೆ ಎಲ್ಲರೂ ಕೇಳುವುದು ಒಂದೇ, ತಲೆಯಲ್ಲಿ ಏನು ಓಡುತ್ತಿತ್ತು ಅಂತ. 600 ಅನ್ನುವ ಅಂಕಿ ಓಡಲೇ ಇಲ್ಲ. ಸೈಕಲ್ ಕಂಪ್ಯೂಟರಿನಲ್ಲಿ ಒಟ್ಟು ದೂರ ಕಾಣುವ ಜಾಗಕ್ಕೆ ಅಂಗಡಿಯ ಇನ್ಸುಲೇಶನ್ ಟೇಪ್ ಅಂಟಿಸಿದ್ದೆ. ಮುಂದಿನ ಟೀ ಎಲ್ಲಿ, ಅಷ್ಟೇ. ಡಾಬಸಪೇಟೆಯಲ್ಲಿ ಒಂದು, ಶಿರಾದಲ್ಲಿ ಒಂದು, ಹಿರಿಯೂರಿನಲ್ಲಿ ಒಂದು. ಬೆಂಗಳೂರಿಂದ ರಾಣೆಬೆನ್ನೂರಿಗೆ ಹೋಗಿ ತಿರುಗಬೇಕು. ಅಂದರೆ ದಾವಣಗೆರೆ ಬೈಪಾಸ್ ಎರಡು ಸಲ. ವಾಪಸ್ ಬರುವಾಗ ರಾತ್ರಿ ಎರಡು. ಮನೆ ಮೂರು ಕಿಲೋಮೀಟರ್. ಹಾಸಿಗೆ ಹಾಸಿಯೇ ಇರುತ್ತದೆ ಅಂತ ಗೊತ್ತು. ಪೆಟ್ರೋಲ್ ಬಂಕಿನ ಗಾಳಿ ಹಾಕುವ ಜಾಗದ ಪಕ್ಕ, ಸಿಮೆಂಟಿನ ಮೇಲೆ ಪೇಪರ್ ಹಾಸಿ 35 ನಿಮಿಷ ಮಲಗಿದೆ. ಹೆಲ್ಮೆಟ್ಟೇ ದಿಂಬು. ಬಂಕಿನ ಹುಡುಗ ಎಬ್ಬಿಸಿದ. "ಅಂಕಲ್, ಟೈಮಾಯ್ತು" ಅಂದ. ಹೇಳಿದ್ದ ಹೊತ್ತಿಗೆ ಸರಿಯಾಗಿ.

ಭಾನುವಾರ ಹಗಲು ಚಿತ್ರದುರ್ಗದಿಂದ ಕೆಳಗೆ ಪೂರ್ತಿ ಮೂಡಗಾಳಿ, ಎದುರಿಗೆ. ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ನಾನು ಹೋಗಬೇಕಾದ ದಿಕ್ಕಿಗೇ ಮುಖ ಮಾಡಿ ತಿರುಗುತ್ತಿದ್ದವು. ಗಂಟೆಗೆ 14 ಬಂದರೆ ಹೆಚ್ಚು. ಅಲ್ಲಿ ಹೆಲ್ಮೆಟ್ ಒಳಗಿನ ಚೀಟಿ ತೆಗೆದು ಓದಿಕೊಂಡೆ. ಹೊರಡುವ ಹಿಂದಿನ ರಾತ್ರಿ ಬರೆದಿಟ್ಟುಕೊಂಡ ಎರಡು ಸಾಲು. ಅದರಲ್ಲಿ ಏನಿತ್ತು ಅನ್ನುವುದು ನನ್ನ ಹತ್ತಿರವೇ ಇರಲಿ. ನಿಮ್ಮದನ್ನು ನೀವೇ ಬರೆದುಕೊಳ್ಳಬೇಕು, ಚೆನ್ನಾಗಿ ನಿದ್ದೆಯಾದ ದಿನ, ಮನಸ್ಸು ಗಟ್ಟಿ ಇದ್ದಾಗ.

ಆ ಸೀಸನ್‌ಗೆ ಆದ ಖರ್ಚು, ಟೈರು, ಬಸ್ಸು, ಲಾಡ್ಜು ಸೇರಿ, ಡಬ್ಬಿಯಿಂದ ಬಂದಷ್ಟು ಬಂತು. ಮಿಕ್ಕದ್ದು ಆ ಟ್ರೈನರ್ ಮಾರಿ. ಕೊಂಡವರು 5,000 ಕೊಟ್ಟರು.

ಮುಂದೇನು ಅಂತ ಈಗ ಎಲ್ಲರೂ ಕೇಳುತ್ತಾರೆ. ಸ್ಟೇಟಸ್ ಹಾಕಿ ಒಮ್ಮೆ ಕೆಟ್ಟಿದ್ದೇನೆ, ಹೇಳುವುದಿಲ್ಲ. ತಿಂಗಳಿಗೆ 5,000ದ ಒಂದು ಚೀಟಿ ಸೇರಿದ್ದೇನೆ, ಪಾಸ್‌ಪೋರ್ಟ್ ಬಂದಿದೆ. ಹೆಂಡತಿಗೆ ಗೊತ್ತು, ಅಪ್ಪನಿಗೆ ಗೊತ್ತು. ಇವತ್ತು ಬೆಳಿಗ್ಗೆ ಜಡಿಮಳೆ. ಐದೂಹನ್ನೆರಡಕ್ಕೆ ಗೇಟು ದಾಟಿದೆ, ಮೂಲೆಯ ಲೈಟ್ ಕಂಬದವರೆಗೆ ಹೋಗಿ ವಾಪಸ್ ಬಂದೆ. ಗೀಟು ಹಾಕಿ, ಡಬ್ಬಿಗೆ ಇಪ್ಪತ್ತು ಹಾಕಿದೆ.