ನಾಲ್ಕು ಗಂಟೆಯ ಟೇಪ್ ಒಂದೇ ಡಿವಿಡಿಗೆ: ಕೊನೆಗೆ ಕೆಲಸ ಮಾಡಿದ ಸೆಟ್ಟಿಂಗ್

ಹಳೆಯ ವಿಎಚ್‌ಎಸ್ ಟೇಪನ್ನು 720×576ರಲ್ಲಿ ಕ್ಯಾಪ್ಚರ್ ಮಾಡಿ, 4.7 ಜಿಬಿ ಡಿಸ್ಕಿಗೆ ಇಳಿಸುವಾಗ ಕತ್ತಲ ದೃಶ್ಯಗಳಲ್ಲಿ ಚೌಕ ಚೌಕ ಕಾಣುತ್ತಿತ್ತು. ಯಾರಾದರೂ ತಲೆ ಅಲ್ಲಾಡಿಸಿದರೂ ಮುಖ ಒಡೆಯುತ್ತಿತ್ತು.

ಟು-ಪಾಸ್ ಎನ್ಕೋಡಿಂಗ್ (ವಿಡಿಯೊವನ್ನು ಒಮ್ಮೆ ಅಳೆದು, ಎರಡನೇ ಸಲ ಕುಗ್ಗಿಸುವುದು) ಒಂದರಿಂದಲೇ ಏನೂ ಆಗಲಿಲ್ಲ. ಗರಿಷ್ಠ ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಏರಿಸಿದರೂ ಅಷ್ಟೇ, ಸರಾಸರಿ ಅದೇ ಇರುತ್ತಲ್ವಾ? ಶಾರ್ಪನ್ ಹಾಕಿದರೆ ಚೌಕಗಳು ಜಾಸ್ತಿಯಾದವು. ಡಿನಾಯ್ಸ್ (ಚಿತ್ರದ ಕಾಳುಕಾಳು ಅಳಿಸುವುದು) ಜೋರಾಗಿಟ್ಟರೆ ಮುಖಗಳು ಮೇಣದ ಗೊಂಬೆಗಳಾದವು.

ಸರಿಹೋಗಿದ್ದು ಅಗಲವನ್ನು 352ಕ್ಕೆ ಇಳಿಸಿದ ಮೇಲೆ. 352×576 ಪಾಲ್ (ನಮ್ಮ ಕಡೆಯ ಟಿವಿ ಪದ್ಧತಿ) ಡಿವಿಡಿಯಲ್ಲಿ ಅಧಿಕೃತ ಅಳತೆಯೇ. ವಿಎಚ್‌ಎಸ್‌ನಲ್ಲಿ ಅಡ್ಡಡ್ಡ ವಿವರ ಹೇಗೂ ಅಷ್ಟಿರುವುದಿಲ್ಲ, ಸುಮ್ನೆ 720 ಯಾಕೆ? ಎತ್ತರ ಮಾತ್ರ ಮುಟ್ಟಬೇಡಿ, ಇಂಟರ್ಲೇಸ್ (ಬೆಸ ಸಾಲು, ಸಮ ಸಾಲು ಎರಡು ಫೀಲ್ಡ್‌ಗಳಾಗಿ ಹೆಣೆದಿರುವುದು) ಕೆಡುತ್ತದೆ.

ಎಫ್‌ಎಫ್‌ಎಂಪೆಗ್ (ವಿಡಿಯೊ ಪರಿವರ್ತಿಸುವ ತಂತ್ರಾಂಶ) ಬಳಸುವಾಗ ಫಿಲ್ಟರ್‌ಗಳ ಕ್ರಮ ಮುಖ್ಯ. ಮೊದಲು ಕೆಳಗಿನ 16 ಸಾಲು ಕಪ್ಪು ಮಾಡಿ. ಅಲ್ಲಿ ನಡುಗುವ ಗೆರೆಗಳು ಸಿಕ್ಕಾಪಟ್ಟೆ ಬಿಟ್ ನುಂಗುತ್ತವೆ. ಎಂಪೆಗ್ ಚಿತ್ರವನ್ನು ಕತ್ತರಿಸುವ ಮ್ಯಾಕ್ರೋಬ್ಲಾಕ್ 16×16 ಆದ್ದರಿಂದ 10 ಸಾಲು ಮುಚ್ಚಿದರೆ ಅಂಚು ಬ್ಲಾಕಿನ ನಡುವೆ ಬೀಳುತ್ತದೆ. ಆಮೇಲೆ 'ಐಎಲ್' ಫಿಲ್ಟರ್‌ನಿಂದ ಎರಡು ಫೀಲ್ಡ್ ಬೇರೆ ಮಾಡಿ, ಡಿನಾಯ್ಸ್ ಫಿಲ್ಟರ್ ಎಚ್‌ಕ್ಯೂಡಿಎನ್3ಡಿ 2:1.5:5:4 ಹಾಕಿ, ಮತ್ತೆ 'ಐಎಲ್'ನಿಂದ ಹೆಣೆಯಿರಿ. ಬೇರೆ ಮಾಡದಿದ್ದರೆ ಒಂದು ಫೀಲ್ಡಿನ ಚಲನೆ ಇನ್ನೊಂದಕ್ಕೆ ಸವರಿದಂತಾಗುತ್ತದೆ. ಅಗಲ ಇಳಿಸುವುದು ಕೊನೆಗೆ.

ಎನ್ಕೋಡರ್: ಎಂಪೆಗ್-2, ಟು-ಪಾಸ್, ಸರಾಸರಿ 2200 ಕೆಬಿಪಿಎಸ್, ಗರಿಷ್ಠ 5000, ಬಫರ್ 1835 ಕಿಲೋಬಿಟ್, ಜಿಒಪಿ (ಒಂದು ಗುಂಪಿನ ಫ್ರೇಮ್‌ಗಳು) 15, ಬಿ-ಫ್ರೇಮ್ (ಹಿಂದುಮುಂದಿನ ಫ್ರೇಮ್ ನೋಡಿ ಕಟ್ಟುವ ಫ್ರೇಮ್) 2, ಇಂಟರ್ಲೇಸ್ ಫ್ಲ್ಯಾಗ್ ಎರಡೂ (ಐಎಲ್‌ಡಿಸಿಟಿ, ಐಎಲ್‌ಎಂಇ) ಆನ್. ಆಡಿಯೊ ಎಸಿ3, 192 ಕೆಬಿಪಿಎಸ್. ನಾಲ್ಕು ಗಂಟೆಗೆ ಸುಮಾರು 4.3 ಜಿಬಿ ಆಗುತ್ತದೆ. ಫೀಲ್ಡ್ ಕ್ರಮ ಮಾತ್ರ ನಿಮ್ಮ ಕ್ಯಾಪ್ಚರ್ ಕಾರ್ಡಿನದ್ದೇ ಇಡಿ. ತಪ್ಪಿದರೆ ಓಡುವವರು ಹಿಂದೆ ಮುಂದೆ ಜಗ್ಗುತ್ತಾರೆ.