ಮನೆಯಲ್ಲೇ ತರಕಾರಿ–ಚೀಸ್ ಪಫ್: ಪದರು ಬಿಡಿಸುವ ಬಗೆ

ಸಂಜೆ ನಾಲ್ಕರ ಹೊತ್ತಿಗೆ ಬೆಂಗಳೂರಿನ ಅಯ್ಯಂಗಾರ್ ಬೇಕರಿಯೊಂದರ ಮುಂದೆ ನಿಂತರೆ, ಗಾಜಿನ ಪೆಟ್ಟಿಗೆಯೊಳಗಿನ ಪಫ್‌ಗಳ ತಟ್ಟೆ ಕಣ್ಣಿಗೆ ಬೀಳುವ ಮೊದಲೇ ಅದರ ಪರಿಮಳ ಮೂಗಿಗೆ ಬಡಿಯುತ್ತದೆ. ಇದನ್ನು ಮನೆಯಲ್ಲಿ ಮಾಡಲು ಹೊರಟವರು ಸಾಮಾನ್ಯವಾಗಿ ಒಳಗಿನ ಪಲ್ಯದ ರುಚಿಯ ಬಗ್ಗೆಯೇ ಹೆಚ್ಚು ಯೋಚಿಸುತ್ತಾರೆ. ಆದರೆ ಪಫ್ ಉಬ್ಬುವುದು, ಬಿಡುವುದು ಬೆಣ್ಣೆಯ ತಂಪಿನ ಮೇಲೆ ನಿಂತಿದೆ.

ಅಂಗಡಿಯಲ್ಲಿ ಸಿಗುವ ಬೆಣ್ಣೆಯಲ್ಲಿ ಶೇ 16ರಷ್ಟು ನೀರಿನಂಶ ಇರುತ್ತದೆ. ಮೈದಾ ಕಣಕದ ತೆಳು ಪದರುಗಳ ನಡುವೆ ಸಿಕ್ಕಿಕೊಂಡ ಈ ನೀರು ಓವನ್ನಿನ ಕಾವಿಗೆ ಆವಿಯಾಗಿ ಮೇಲಿನ ಪದರನ್ನು ಎತ್ತುತ್ತದೆ. ಜಿಡ್ಡು ಆ ಪದರು ಕೆಳಗಿನದಕ್ಕೆ ಅಂಟದಂತೆ ತಡೆಯುತ್ತದೆ. ಲಟ್ಟಿಸುವಾಗಲೇ ಬೆಣ್ಣೆ ಕರಗಿಬಿಟ್ಟರೆ ಅದನ್ನು ಹಿಟ್ಟು ಹೀರಿಕೊಂಡು, ಪಫ್‌ನ ಬದಲು ಗಟ್ಟಿ ಬಿಸ್ಕತ್ತಿನಂಥದ್ದು ಕೈಗೆ ಬರುತ್ತದೆ. ನಮ್ಮ ಚಿರೋಟಿಯಲ್ಲೂ ಪದರುಗಳಿವೆಯಾದರೂ, ಅಲ್ಲಿ ತುಪ್ಪಕ್ಕೆ ಅಕ್ಕಿಹಿಟ್ಟು ಕಲೆಸಿದ ಸಾಟಿ ಪದರುಗಳ ನಡುವೆ ಕೂತು, ಕಾದ ಎಣ್ಣೆಯಲ್ಲಿ ಅವು ಬಿಚ್ಚಿಕೊಳ್ಳುತ್ತವೆ. ತುಪ್ಪದಲ್ಲಿ ನೀರು ಉಳಿದಿರುವುದಿಲ್ಲವಾದ್ದರಿಂದ ಪಫ್‌ಗೆ ತುಪ್ಪ ಹಾಕಿದರೆ ಈ ಉಬ್ಬು ಬಾರದು. ಮನೆಯಲ್ಲಿ ಕಡೆದ ಬಿಳಿ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಜಾಸ್ತಿ ಇದ್ದು ಅದು ಬೇಗ ಮೆತ್ತಗಾಗುತ್ತದೆ. ಅದನ್ನು ದೋಸೆಗೆ ಇಟ್ಟುಕೊಳ್ಳುವುದೇ ಒಳ್ಳೆಯದು. ಅನೇಕ ಬೇಕರಿಗಳಲ್ಲಿ ಬಳಸುವ ಮಾರ್ಗರಿನ್ ಸುಲಭವಾಗಿ ಕರಗದ ಕಾರಣ ಬಿಸಿ ಅಡುಗೆಮನೆಯಲ್ಲೂ ಮಾತು ಕೇಳುತ್ತದೆ, ಆದರೆ ತಿಂದ ಮೇಲೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಮನೆಯವರಿಗಾಗಿ ಮಾಡುವಾಗ ಉಪ್ಪಿಲ್ಲದ ಬೆಣ್ಣೆಯನ್ನೇ ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹನ್ನೆರಡು ಪಫ್‌ಗಳಿಗೆ 250 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ, ಒಂದು ಚಿಕ್ಕ ಚಮಚ ಉಪ್ಪು, ಒಂದು ಚಿಕ್ಕ ಚಮಚ ನಿಂಬೆರಸ ಮತ್ತು ಸುಮಾರು 125 ಮಿಲಿ ಲೀಟರ್ ಫ್ರಿಜ್ಜಿನ ತಣ್ಣೀರು ಬೇಕು. ಮೈದಾಗೆ ಉಪ್ಪು, ನಿಂಬೆರಸ, ನೀರು ಸೇರಿಸಿ ಕಣಕ ಒಂದುಗೂಡುವಷ್ಟು ಮಾತ್ರ ಕಲೆಸಿ, ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಹೋಳಿಗೆಯ ಕಣಕದಂತೆ ಇದನ್ನು ನಾದಿ ನಾದಿ ಹದ ಮಾಡಬಾರದು. ಹೆಚ್ಚು ನಾದಿದಷ್ಟೂ ಅದು ರಬ್ಬರಿನಂತೆ ಹಿಂದಕ್ಕೆ ಸೆಳೆದುಕೊಂಡು ಲಟ್ಟಿಸಲು ಬಿಡುವುದಿಲ್ಲ. ಅಷ್ಟರಲ್ಲಿ ಬೆಣ್ಣೆಯನ್ನು ಎರಡು ಬಟರ್ ಪೇಪರ್‌ಗಳ ನಡುವೆ ಇಟ್ಟು, ಲಟ್ಟಣಿಗೆಯಿಂದ ತಟ್ಟಿ 15 ಸೆಂಟಿಮೀಟರಿನ ಚೌಕವನ್ನಾಗಿ ಮಾಡಿಕೊಳ್ಳಿ. ಅದು ಬಾಗಬೇಕು, ಆದರೆ ಮುರಿಯಲೂಬಾರದು, ಬೆರಳಿಗೆ ಮೆತ್ತಿಕೊಳ್ಳಲೂಬಾರದು. ಬೆಣ್ಣೆ ಕಲ್ಲಿನಂತಿದ್ದರೆ ಲಟ್ಟಿಸುವಾಗ ಒಳಗೇ ಚೂರುಚೂರಾಗಿ ಕಣಕವನ್ನು ಹರಿಯುತ್ತದೆ.

ಕಣಕವನ್ನು 22 ಸೆಂಟಿಮೀಟರಿನ ಚೌಕವಾಗಿ ಲಟ್ಟಿಸಿ, ಅದರ ಮೇಲೆ ಬೆಣ್ಣೆಯ ಚೌಕವನ್ನು ಓರೆಯಾಗಿ ಇಟ್ಟು, ನಾಲ್ಕು ಮೂಲೆಗಳನ್ನೂ ಅಂಚೆಯ ಲಕೋಟೆಯಂತೆ ನಡುವಿಗೆ ಮಡಚಿ ಮುಚ್ಚಿ. ಈಗ ಇದನ್ನು ಸುಮಾರು 45 ಸೆಂಟಿಮೀಟರ್ ಉದ್ದಕ್ಕೆ ಲಟ್ಟಿಸಿ, ಪಂಚೆ ಮಡಚುವಂತೆ ಮೂರು ಮಡಿಕೆ ಮಾಡಿ, ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಮತ್ತೆ ತೆಗೆದಾಗ ಮಡಿಕೆಯನ್ನು ಕಾಲು ಸುತ್ತು ತಿರುಗಿಸಿ, ಅದೇ ರೀತಿ ಲಟ್ಟಿಸಿ ಮಡಚಬೇಕು. ಹೀಗೆ ನಾಲ್ಕು ಸಲ ಮಾಡಿದರೆ ಬೆಣ್ಣೆಯ 81 ಪದರುಗಳಾಗುತ್ತವೆ. ಆರು ಸಲ ಮಡಚಿದರೆ ಈ ಲೆಕ್ಕ 729ಕ್ಕೆ ಏರುತ್ತದೆ ನಿಜ, ಆದರೆ ನಮ್ಮ ಅಡುಗೆಮನೆಗಳ ಸೆಕೆಯಲ್ಲಿ ಅಷ್ಟು ತೆಳುವಾದ ಬೆಣ್ಣೆ ಕಣಕದಲ್ಲಿ ಬೆರೆತುಹೋಗುವ ಸಂಭವ ಹೆಚ್ಚು; ನಾಲ್ಕಕ್ಕೆ ನಿಲ್ಲಿಸುವುದೇ ಲೇಸು. ಒಮ್ಮೆ ಮೇ ತಿಂಗಳ ಮಧ್ಯಾಹ್ನ ಎರಡನೆಯ ಮಡಿಕೆಯ ನಂತರ ಫ್ರಿಜ್ಜಿನಲ್ಲಿಡದೆ ಮುಂದುವರಿದಾಗ, ಮಣೆಯ ಮೇಲೆ ಹಳದಿ ಜಿಡ್ಡು ಒಸರಿ, ಬೇಯಿಸುವ ತಟ್ಟೆಯಲ್ಲಿ ಬೆಣ್ಣೆ ಕೆರೆಯಂತೆ ನಿಂತದ್ದನ್ನು ನಾನು ಕಂಡಿದ್ದೇನೆ. ಬೇಸಿಗೆಯಲ್ಲಿ, ಅದರಲ್ಲೂ ಕರಾವಳಿಯವರು, ಈ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಉತ್ತಮ.

ಪಲ್ಯಕ್ಕೆ ಒಂದು ಕ್ಯಾರೆಟ್, ಒಂದು ಹಿಡಿ ಬೀನ್ಸ್, ಅಷ್ಟೇ ಬಟಾಣಿ, ಬೇಯಿಸಿದ ಒಂದು ಆಲೂಗಡ್ಡೆ ಮತ್ತು ಒಂದು ಈರುಳ್ಳಿ ಸಾಕು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಶುಂಠಿ, ಹಸಿಮೆಣಸಿನಕಾಯಿಯೊಂದಿಗೆ ಹುರಿದು, ಕೊನೆಗೆ ಗರಂ ಮಸಾಲೆ ಉದುರಿಸಿ. ಬಾಣಲೆಯ ತಳದಲ್ಲಿ ಒಂದು ತೊಟ್ಟೂ ನೀರು ಉಳಿಯಬಾರದು, ಪಲ್ಯ ಪೂರ್ತಿ ಆರಬೇಕು. ಆರಿದ ಮೇಲೆ 80 ಗ್ರಾಂ ತುರಿದ ಚೀಸ್ ಬೆರೆಸಿ. ಬೇಕರಿಯ ಪಿಜ್ಜಾಕ್ಕೆ ಹಾಕುವ ಮೊಝರೆಲ್ಲಾ ಹರಿದು ಹೊರಗೆ ಬರುತ್ತದೆ. ಡಬ್ಬಿಯಲ್ಲಿ ಸಿಗುವ ಸಾಮಾನ್ಯ ಪ್ರೊಸೆಸ್ಡ್ ಚೀಸ್ ಕರಗಿದರೂ ಜಾಗ ಬಿಟ್ಟು ಕದಲುವುದಿಲ್ಲ. ಚೀಸಿನಲ್ಲೇ ಉಪ್ಪಿರುವುದರಿಂದ ಪಲ್ಯಕ್ಕೆ ಉಪ್ಪನ್ನು ಕಡಿಮೆ ಹಾಕಬೇಕು.

ಕಣಕವನ್ನು 40 ಮತ್ತು 30 ಸೆಂಟಿಮೀಟರ್ ಅಳತೆಗೆ ಲಟ್ಟಿಸಿ, 10 ಸೆಂಟಿಮೀಟರಿನ ಹನ್ನೆರಡು ಚೌಕಗಳನ್ನು ಕತ್ತರಿಸಿ. ಹರಿತವಾದ ಚಾಕುವನ್ನು ಎಳೆಯದೆ, ನೇರವಾಗಿ ಕೆಳಕ್ಕೆ ಒತ್ತಿ ಕತ್ತರಿಸಿದರೆ ಅಂಚಿನಲ್ಲಿ ಪುಸ್ತಕದ ಹಾಳೆಗಳಂತೆ ಬಿಳಿ–ಹಳದಿ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಎಳೆದು ಕತ್ತರಿಸಿದರೆ ಅವೆಲ್ಲ ಒಂದಕ್ಕೊಂದು ಅಂಟಿ ಆ ಭಾಗ ಉಬ್ಬುವುದೇ ಇಲ್ಲ. ನಡುವೆ ಎರಡು ಚಮಚ ಪಲ್ಯ ಇಟ್ಟು, ಅಂಚಿನ ಒಳಭಾಗಕ್ಕೆ ಮಾತ್ರ ನೀರು ಸವರಿ ಮಡಚಿ, ಹಗುರವಾಗಿ ಒತ್ತಿ. ಮೇಲೆ ಹಾಲು ಸವರುವಾಗ ಅದು ಬದಿಗೆ ಇಳಿಯದಂತೆ ನೋಡಿಕೊಳ್ಳಬೇಕು. ಹೀಗೆ ತಯಾರಾದ ಪಫ್‌ಗಳನ್ನು ಮತ್ತೆ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ.

ಓವನ್ನನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಚೆನ್ನಾಗಿ ಕಾಯಿಸಿಕೊಂಡು ತಣ್ಣನೆಯ ಪಫ್‌ಗಳನ್ನು ಒಳಗಿಡಿ. ಮೊದಲ ಹದಿನೈದು ನಿಮಿಷ ಬಾಗಿಲು ತೆರೆಯಬೇಡಿ. ಆವಿ ಹೊರಬಿದ್ದು ಕಾವು ಇಳಿದರೆ ಎದ್ದ ಪದರುಗಳು ಕುಸಿಯುತ್ತವೆ. ನಂತರ 180 ಡಿಗ್ರಿಗೆ ಇಳಿಸಿ ಇನ್ನೂ ಹತ್ತು ಹನ್ನೆರಡು ನಿಮಿಷ ಬೇಯಿಸಿ. ತಿಳಿ ಹಳದಿಗೆ ತೃಪ್ತರಾಗಿ ಹೊರತೆಗೆದರೆ ಒಳಪದರುಗಳು ಹಸಿಯಾಗಿರುತ್ತವೆ. ಒಂದನ್ನು ಎತ್ತಿ ತಳವನ್ನೂ ನೋಡಿ. ಅದೂ ಕಂದಾಗಿದ್ದರೆ ಬೆಂದಿದೆ ಎಂದರ್ಥ.

ಬೇಯಿಸದ ಪಫ್‌ಗಳನ್ನು ಫ್ರೀಜರಿನಲ್ಲಿ ಕೆಲವು ವಾರ ಇಡಬಹುದು. ನೆಂಟರು ಬಂದಾಗ ಮಂಜು ಬಿಡಿಸದೆ ನೇರವಾಗಿ ಓವನ್ನಿಗೆ ಹಾಕಿ, ಐದು ನಿಮಿಷ ಹೆಚ್ಚು ಬೇಯಿಸಿದರಾಯಿತು. ಬೆಂದು ಉಳಿದವನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಮೆತ್ತಗಾಗುವುದರಿಂದ, ಅದಕ್ಕೂ ಓವನ್ನನ್ನೇ ಬಳಸಿ.